ಕುಣಿಯುವ ಮಕ್ಕಳ ಬಾಯಾರಿಕೆ

ಫಾಲ್ಗುಣದಲ್ಲಿ ನಾಯಕನಹಟ್ಟಿಯ ತೇರು ಸಾಗುವ ಹೊತ್ತಿಗೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಬಿಸಿಲು ಬಲಿತಿರುತ್ತದೆ. ಆಗ ಜಟೆ, ಕಾವಿ ತೊಟ್ಟು ವೀರಗಾಸೆ ಕುಣಿಯುವ ಎಳೆಯರಿಗೆ, ಸೇವೆ ಮುಗಿಯುವವರೆಗೆ ನೀರು ಕೂಡದೆಂದು ಕೆಲವು ಹಿರಿಯರು ಕಟ್ಟುಮಾಡುವುದುಂಟು. ಇದನ್ನು ನಾವು ಒಪ್ಪೆವು. ತಡೆಯಬಾರದ 13 ವೇಗಗಳಲ್ಲಿ ಚರಕಾಚಾರ್ಯರು ಬಾಯಾರಿಕೆಯನ್ನೂ ಎಣಿಸಿದ್ದಾರೆ. ಪಾದೋದಕವನ್ನು ಸ್ವೀಕರಿಸುವ ನಮಗೆ ನೀರಿನಿಂದ ವ್ರತಭಂಗವೆಂತು?

ಬೆವರಿನೊಡನೆ ಲವಣವೂ ಹೋಗುವುದರಿಂದ ದೀರ್ಘ ಕುಣಿತಕ್ಕೆ ಬರಿಯ ನೀರು ಸಾಲದು. ಉಪ್ಪು ಬೆರೆಸಿದ ನೀರುಮಜ್ಜಿಗೆ ಲೇಸು. ಮಗು ಕೇಳುವವರೆಗೆ ಕಾಯದೆ, ಇಪ್ಪತ್ತು ನಿಮಿಷಕ್ಕೊಮ್ಮೆ ವಾದ್ಯ ನಿಲ್ಲಿಸಿ ಕುಡಿಸಬೇಕು. ತಲೆಸುತ್ತು, ವಾಕರಿಕೆ ಕಂಡರೆ ವೇಷ ಕಳಚಿ ನೆರಳಿಗೆ ಕರೆತನ್ನಿರಿ. ಮಾತು ತೊದಲಿದರೆ ಬಾಯಿಗೆ ಏನನ್ನೂ ಹಾಕದೆ, ಮೈಯನ್ನು ತಣ್ಣೀರಿನಿಂದ ನೆನೆಸುತ್ತ ಒಡನೆಯೇ ಆಸ್ಪತ್ರೆಗೆ ಒಯ್ಯಿರಿ.