ಒಂದು ಬಾಟಲಿ ಲಸಿಕೆ, ಹತ್ತು ಮನೆಯ ಮರಿಗಳು

ಬೇಸಿಗೆಯ ರಜೆ ಆರಂಭವಾಯಿತೆಂದರೆ ಹಳ್ಳಿಯ ಬೀದಿಗಳಲ್ಲಿ ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡ ಮರಿ ಮಾರುವವರು ಕಾಣಿಸಿಕೊಳ್ಳುತ್ತಾರೆ. ಬುಟ್ಟಿಯ ತುಂಬ ಗುಲಾಬಿ, ಹಸಿರು, ನೇರಳೆ ಬಣ್ಣದ ಮರಿಗಳು. ಮಕ್ಕಳು ಹಟ ಹಿಡಿಯುತ್ತಾರೆ, ತಾಯಂದಿರು ಸೆರಗಿನ ಗಂಟು ಬಿಚ್ಚುತ್ತಾರೆ. ಮೂರನೆಯ ದಿನಕ್ಕೆ ಅರ್ಧದಷ್ಟು, ವಾರ ಕಳೆಯುವುದರೊಳಗೆ ಉಳಿದವೂ ತಿಪ್ಪೆ ಸೇರುತ್ತವೆ. ಮೊಟ್ಟೆಕೋಳಿಗಳ ಕಾರ್ಖಾನೆಗೆ ಬೇಡವಾದ ಗಂಡುಮರಿಗಳಿವು. ಅವು ಸತ್ತದ್ದು ಬಣ್ಣದಿಂದಲೋ ಕಣ್ಣುದೃಷ್ಟಿಯಿಂದಲೋ ಎಂಬ ಚರ್ಚೆ ಜಗಲಿಯ ಮೇಲೆ ನಡೆಯುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅವು ಸಾಯುವುದು ಚಳಿಯಿಂದ.

ಮೊಟ್ಟೆಯೊಡೆದು ಬಂದ ಮರಿಗೆ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಮೊದಲ ವಾರ ಅದಕ್ಕೆ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಶಾಖ ಬೇಕು, ಆಮೇಲೆ ವಾರಕ್ಕೆ ಐದು ಡಿಗ್ರಿಯಂತೆ ತಗ್ಗಿಸಬಹುದು. ಬಲ್ಬು ಕಟ್ಟಿ ಸಾಕುವವರು ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡುವುದು ಲೇಸು. ಬಲ್ಬಿನಡಿ ಒಂದರ ಮೇಲೊಂದು ಬಿದ್ದು ಚೀರುತ್ತಿದ್ದರೆ ಚಳಿ; ರೆಕ್ಕೆ ಬಿಚ್ಚಿ, ಕೊಕ್ಕು ತೆರೆದು ಅಂಚಿಗೆ ಸರಿದಿದ್ದರೆ ಸೆಕೆ; ಎಲ್ಲೆಡೆ ಹರಡಿಕೊಂಡು ಕೆದಕುತ್ತಿದ್ದರೆ ಹಿತ. ಆದರೆ ರಾತ್ರಿ ಕರೆಂಟು ಹೋಗುವ ಊರಿನಲ್ಲಿ ಬಲ್ಬನ್ನು ನಂಬುವುದಾದರೂ ಹೇಗೆ? ಕಾವು ಕೂತ ನಾಟಿ ಕೋಳಿಗೆ ಆ ತಾಪತ್ರಯವಿಲ್ಲ. ಅದರ ರೆಕ್ಕೆಯಡಿಯ ಬಿಸಿ ಕರೆಂಟು ಕೇಳುವುದಿಲ್ಲ. ಹದ್ದಿನ ನೆರಳು ಕಂಡೊಡನೆ ಮರಿಗಳನ್ನು ಕರೆಯಲು ಯಾರೂ ಕಲಿಸಬೇಕಾಗಿಲ್ಲ.

ಈ ಕಾರಣಕ್ಕಾಗಿಯೇ, ಹೊಸ ತಳಿ ಬಂತೆಂದು ನಾಟಿ ಕೋಳಿಯನ್ನು ಮನೆಯಿಂದ ಪೂರ್ತಿ ಹೊರಹಾಕುವುದು ಅವಿವೇಕ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಹೆಬ್ಬಾಳದಲ್ಲಿ 1980ರ ದಶಕದಲ್ಲಿ ರೂಪಿಸಿದ ಗಿರಿರಾಜ, 2005ರಲ್ಲಿ ಬಂದ ಸ್ವರ್ಣಧಾರ, ಇವೆರಡೂ ಹಿತ್ತಲಿಗೆಂದೇ ಸಿದ್ಧವಾದ ಒಳ್ಳೆಯ ತಳಿಗಳು. ನಾಟಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಇವು ಅದರ ಎರಡು ಪಟ್ಟಿಗೂ ಮೀರಿ ಇಡುತ್ತವೆ, ಮೈತೂಕವೂ ಹೆಚ್ಚು. ಆದರೆ ಇವು ಕಾವಿಗೆ ಕೂರುವುದಿಲ್ಲ. ಸಂಕರ ತಳಿಗಳಾದ್ದರಿಂದ ಇವುಗಳ ಮುಂದಿನ ಪೀಳಿಗೆಯಲ್ಲಿ ಅದೇ ಗುಣ ಉಳಿಯುವುದೂ ಇಲ್ಲ. ಪ್ರತಿ ಸಲವೂ ಮರಿಗಾಗಿ ಫಾರಂ ಬಾಗಿಲಿಗೇ ಹೋಗಬೇಕು. ಎರಡು ನಾಟಿ ಹೇಟೆಗಳನ್ನು ಉಳಿಸಿಕೊಂಡ ಮನೆಯವರು ಮಾತ್ರ ತಂದ ಮೊಟ್ಟೆಯನ್ನೂ ಅವುಗಳಡಿ ಇಟ್ಟು ಮರಿ ಮಾಡಿಸಬಲ್ಲರು.

ಆಹಾರದ ವಿಷಯ ಅಷ್ಟೇನೂ ಕಠಿಣವಲ್ಲ. ರಾಗಿ, ಅಕ್ಕಿಯ ನುಚ್ಚು ಶಕ್ತಿ ಕೊಡುತ್ತದೆ, ಮೈ ಬೆಳೆಸುವುದಿಲ್ಲ. ಅದಕ್ಕೆ ಸಸಾರಜನಕ ಬೇಕು. ಹಳಬರ ಉಪಾಯ ಈಗಲೂ ಕೆಲಸಕ್ಕೆ ಬರುತ್ತದೆ: ಒಡಕು ಮಡಕೆಯಲ್ಲಿ ಒಣಸಗಣಿ, ಹುಲ್ಲು, ಹರಕು ಗೋಣಿತುಂಡು ತುಂಬಿ, ನೀರು ಚಿಮುಕಿಸಿ, ಸಂಜೆ ಗೆದ್ದಲಿರುವ ಜಾಗದಲ್ಲಿ ಬೋರಲು ಹಾಕಿದರೆ ಬೆಳಗಾಗುವುದರೊಳಗೆ ಮಡಕೆ ಗೆದ್ದಲಿನಿಂದ ತುಂಬಿರುತ್ತದೆ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ಮಾತ್ರ ಮರಿಗೆ ಹಾಕಬಾರದು. ಹೊಲಕ್ಕೆ ಹಾಕುವ ಕಾರ್ಬೊಫ್ಯೂರಾನ್‌ನಂಥ ಹರಳು ವಿಷದ ಒಂದೇ ಹರಳು ಸಣ್ಣ ಹಕ್ಕಿಯ ಪ್ರಾಣಕ್ಕೆ ಸಾಕು ಎಂಬುದನ್ನು ಹೊಗೆಸೊಪ್ಪಿನ ಸೀಮೆಯ ಹುಣಸೂರು, ಪಿರಿಯಾಪಟ್ಟಣದವರಷ್ಟೇ ಭತ್ತದ ಸೀಮೆಯ ಭೇರ್ಯದವರೂ ನೆನಪಿಡಬೇಕು.

ಚಳಿಯನ್ನೂ ಹಸಿವನ್ನೂ ಹದ್ದನ್ನೂ ಗೆದ್ದ ಮರಿ ಸೋಲುವುದು ಕೊಕ್ಕರೆ ರೋಗಕ್ಕೆ. ವಿಜ್ಞಾನಿಗಳು ಇದನ್ನು ನ್ಯೂಕ್ಯಾಸಲ್ ರೋಗವೆಂದೂ ರಾಣಿಖೇತ್ ರೋಗವೆಂದೂ ಕರೆಯುತ್ತಾರೆ. ಎರಡನೆಯ ಹೆಸರು ಬಂದದ್ದು 1920ರ ದಶಕದಲ್ಲಿ ಭಾರತದಲ್ಲಿ ಅದನ್ನು ಗುರುತಿಸಿದ ಹಿಮಾಲಯದ ತಪ್ಪಲಿನ ರಾಣಿಖೇತ್ ಊರಿನಿಂದ. ಹಸಿರು ಭೇದಿ, ಏದುಸಿರು, ತಿರುಚಿದ ಕತ್ತು. ಒಂದು ವಾರದಲ್ಲಿ ಕೇರಿಯ ಗೂಡುಗಳೆಲ್ಲ ಬರಿದು. ಔಷಧವಿಲ್ಲ. ಇದು ವೈರಾಣುವಿನ ಕಾಯಿಲೆಯಾದ್ದರಿಂದ ಅಂಗಡಿಯ ಆಂಟಿಬಯೋಟಿಕ್ ಪುಡಿಯನ್ನು ನೀರಿಗೆ ಕಲಸಿದರೆ ದುಡ್ಡು ಹೋಗುತ್ತದೆಯೇ ಹೊರತು ರೋಗವಲ್ಲ. ಅಂಥ ಪುಡಿಗಳ ಪೈಕಿ ಕೊಲಿಸ್ಟಿನ್ ಎಂಬುದನ್ನು ಕೇಂದ್ರ ಸರ್ಕಾರ 2019ರಲ್ಲಿ ಪಶುಪಕ್ಷಿಗಳಿಗೆ ನಿಷೇಧಿಸಬೇಕಾಯಿತು. ಅದು ಮನುಷ್ಯರ ಕೊನೆಯ ಆಸರೆಯ ಔಷಧಗಳಲ್ಲೊಂದು.

ತಡೆಯುವ ಲಸಿಕೆ ಇದೆ, ಅಗ್ಗವೂ ಹೌದು. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೊಂದು ಹನಿ, ತಿಂಗಳಾದ ಮೇಲೆ ಇನ್ನೊಮ್ಮೆ, ಎಂಟನೆಯ ವಾರದ ಸುಮಾರಿಗೆ ಚುಚ್ಚುಮದ್ದು. ಹಾಗಿದ್ದೂ ಹಿತ್ತಲ ಕೋಳಿಗಳಿಗೆ ಅದು ತಲುಪುತ್ತಿಲ್ಲ. ಇದಕ್ಕೆ ಮಹಿಳೆಯರ ಅಜ್ಞಾನವನ್ನು ದೂರುವುದು ಅಧಿಕಾರಿಗಳ ರೂಢಿ. ನಿಜವಾದ ತೊಡಕು ಬಾಟಲಿಯ ಗಾತ್ರದಲ್ಲಿದೆ. ಒಂದು ಬಾಟಲಿಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಮರಿಗಳಿಗಾಗುವಷ್ಟು ಲಸಿಕೆ ಇರುತ್ತದೆ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿಗಳ ಒಡತಿಗಾಗಿ ಬಾಟಲಿ ಒಡೆಯಲು ಆಸ್ಪತ್ರೆಯವರಿಗೆ ಮನಸ್ಸಿಲ್ಲ, ಹೆಗ್ಗಡದೇವನಕೋಟೆಯ ಹಾಡಿಯಿಂದ ಹತ್ತು ಮರಿ ಹೊತ್ತು ಬರಲು ಅವಳಿಗೆ ಪುರುಸೊತ್ತಿಲ್ಲ. ಫಾರಂ ಮಾಲೀಕನಿಗೆಂದು ಅಳೆದು ತುಂಬಿದ ಬಾಟಲಿಯದು.

ಬಾಟಲಿ ಚಿಕ್ಕದಾಗುವವರೆಗೆ ಹಳ್ಳಿಯೇ ಒಂದು ಫಾರಂ ಆಗಬೇಕು. ಒಂದು ನಾಟಿ ಹೇಟೆ ಹನ್ನೆರಡು ಮೊಟ್ಟೆಗೆ ಕಾವು ಕೊಡುತ್ತದೆ, ಹತ್ತಾದರೂ ಮರಿಯಾಗುತ್ತವೆ. ಹತ್ತು ಮನೆಯವರು ಒಂದೇ ವಾರದಲ್ಲಿ ಕೋಳಿಯನ್ನು ಕಾವಿಗೆ ಕೂರಿಸಿದರೆ ನೂರು ಮರಿ, ಅಂದರೆ ಸರಿಯಾಗಿ ಒಂದು ಬಾಟಲಿ. ಕೋಳಿ ಕೇಳಿದಾಗ ಕಾವು ಕೂರುವುದಿಲ್ಲ, ನಿಜ. ಆದರೆ ತಂಪಾದ ಜಾಗದಲ್ಲಿ ಮೊಟ್ಟೆಯನ್ನು ಒಂದು ವಾರ ಕೆಡದಂತೆ ಇಡಬಹುದು. ಮೊದಲೇ ಕಾವು ಬಂದ ಕೋಳಿಯನ್ನು ಒಂದೆರಡು ಬಂಜೆ ಮೊಟ್ಟೆಯ ಮೇಲೆ ಕೆಲವು ದಿನ ಕಾಯಿಸಬಹುದು. ಇಪ್ಪತ್ತೊಂದು ದಿನಕ್ಕೆ ಮರಿ, ಇಪ್ಪತ್ತೆಂಟಕ್ಕೆ ಹನಿ. ದಿನಾಂಕ ನಾಲ್ಕು ವಾರ ಮುಂಚೆಯೇ ಗೊತ್ತಿರುವುದರಿಂದ ಪಶು ಆಸ್ಪತ್ರೆಗೆ ಬರೆದುಕೊಡಬಹುದು, ಡೇರಿಯ ಮುಂದಿನ ಹಲಗೆಯ ಮೇಲೂ ಬರೆಯಬಹುದು. ಮಳೆಗಾಲದ ಒದ್ದೆಯಲ್ಲಿ ಮರಿ ಮಾಡಿಸುವುದಕ್ಕಿಂತ ಕಾರ್ತಿಕ ಕಳೆದು, ಕಣದಲ್ಲಿ ಕಾಳು ಚೆಲ್ಲುವ ಕಾಲ ಇದಕ್ಕೆ ಹೇಳಿಸಿದಂತಿದೆ.

ಹನಿ ಹಾಕಲು ಡಾಕ್ಟರೇ ಬೇಕೆಂದೇನಿಲ್ಲ. ಆಸ್ಟ್ರೇಲಿಯದಲ್ಲಿ ಸಿದ್ಧವಾದ, ತುಸು ಬಿಸಿ ತಾಳುವ ಐ-2 ಎಂಬ ಲಸಿಕೆಯನ್ನು ಮೊಜಾಂಬಿಕ್, ತಾಂಜಾನಿಯದ ಹಳ್ಳಿಗಳಲ್ಲಿ ತರಬೇತಿ ಪಡೆದ ಗ್ರಾಮಸ್ಥರೇ, ಅವರಲ್ಲಿ ಅನೇಕ ಮಹಿಳೆಯರು, ಸಣ್ಣ ಶುಲ್ಕ ಪಡೆದು ಹಾಕುತ್ತ ಬಂದಿದ್ದಾರೆ. ಪಿ.ಯು.ಸಿ. ಓದಿದ ಹುಡುಗಿಯೊಬ್ಬಳು ಒಂದು ದಿನದಲ್ಲಿ ಕಲಿಯುವ ಕೆಲಸವಿದು. ಹೆಬ್ಬಾಳದ ಸರ್ಕಾರಿ ಸಂಸ್ಥೆಯೇ ಕೋಳಿ ಲಸಿಕೆ ತಯಾರಿಸುತ್ತದೆ. ಅದರಿಂದ ಇಪ್ಪತ್ತೈದು ಮರಿಯ ಬಾಟಲಿಯನ್ನು ಕೇಳುವುದು ಗ್ರಾಮಸಭೆಯ ನಿರ್ಣಯವಾಗಿ ಹೋಗಬೇಕು.

ಲಸಿಕೆಯೊಂದೇ ಸಾಲದು. ಕೋಳಿ ತೂಕಡಿಸತೊಡಗಿದೊಡನೆ ಸಂತೆಗೊಯ್ದು ಮಾರುವುದು, ಸತ್ತದ್ದನ್ನು ನಾಲೆಗೆ ಎಸೆಯುವುದು, ಇವೇ ರೋಗವನ್ನು ಊರಿಂದೂರಿಗೆ ಒಯ್ಯುವ ದಾರಿಗಳು. ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಒಟ್ಟಿಗೇ ಹಲವು ಕೋಳಿ ಸತ್ತರೆ ಅಡಗಿಸದೆ ಪಶು ಆಸ್ಪತ್ರೆಗೆ ತಿಳಿಸಬೇಕು. 2020ರ ಮಾರ್ಚಿಯಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟಾಗ ಸುತ್ತಲಿನ ಮನೆಗಳ ಸಾಕುಕೋಳಿಗಳನ್ನೂ ಕೊಲ್ಲಬೇಕಾಯಿತು. ಹಾಗೆ ತಿಳಿಸಿದವರ ಕೋಳಿಗೆ ಪರಿಹಾರದ ದುಡ್ಡು ತಡವಿಲ್ಲದೆ ಕೈಗೆ ಬಂದರೆ ಮಾತ್ರ ಮುಂದಿನ ಸಲ ಇನ್ನೊಬ್ಬರು ಬಾಯಿಬಿಟ್ಟಾರು.