ಶೆಲ್ಟರ್‌ನಲ್ಲಿ ಮುಖ ನೋಡಿ ಮಣೆ ಹಾಕಬೇಡಿ

ಬೈಕ್ ತಗೊಳ್ಳೋಕೆ ಮುಂಚೆ ನಾವು ಮೂರು ತಿಂಗಳು ರಿವ್ಯೂ ನೋಡ್ತೀವಿ. ಮೈಲೇಜ್ ಎಷ್ಟು, ಸರ್ವೀಸ್ ಸೆಂಟರ್ ಹತ್ತಿರ ಇದೆಯಾ ಅಂತ ಎಕ್ಸೆಲ್ ಶೀಟೇ ಮಾಡ್ತೀವಿ. ಅದೇ ನಾಯಿ ವಿಷಯಕ್ಕೆ ಬಂದ್ರೆ, ಇನ್‌ಸ್ಟಾಗ್ರಾಮ್‌ನಲ್ಲಿ ಎರಡು ಮುದ್ದು ಕಣ್ಣು ಕಂಡ್ರೆ ಸಾಕು, ‘ಅಡಾಪ್ಟ್ ಮಾಡೋಣ’ ಅಂತ ಮೆಸೇಜ್ ಹೋಗಿಬಿಡುತ್ತೆ. ಬೈಕ್ ಬೇಡ ಅನ್ನಿಸಿದ್ರೆ ಮಾರಬಹುದು. ನಾಯಿ 12ರಿಂದ 15 ವರ್ಷ ಬದುಕೋ ಜೀವ.

ದುಡ್ಡು ಕೊಟ್ಟು ಕೊಳ್ಳೋ ಬದಲು ಶೆಲ್ಟರ್‌ನಿಂದ ತರೋಣ ಅನ್ನೋರು ಈಗ ಜಾಸ್ತಿ ಆಗಿದ್ದಾರೆ. ಒಳ್ಳೆಯದೇ. ಬೆಂಗಳೂರಿನಲ್ಲಿ 1991ರಲ್ಲಿ ಶುರುವಾದ ಕ್ಯೂಪಾದಿಂದ ಹಿಡಿದು ನಾಯಿಗಳನ್ನು ದತ್ತು ಕೊಡುವ ಹಲವು ಸಂಸ್ಥೆಗಳಿವೆ. ನಾನು ಶನಿವಾರ ಬೆಳಗ್ಗೆ ಊರಾಚೆಯ ಒಂದು ಶೆಲ್ಟರ್‌ಗೆ ನಾಯಿಗಳನ್ನು ವಾಕ್ ಮಾಡಿಸೋಕೆ ಹೋಗ್ತೀನಿ. ಅಲ್ಲಿ ನೋಡೋಕಾಗದ ವಿಷಯ ಅಂದ್ರೆ ಗಾಯ, ಕುಂಟು ಕಾಲು ಅಲ್ಲ. ಮನೆಗೆ ಹೋಗಿ ವಾಪಸ್ ಬಂದ ನಾಯಿಗಳು. ‘ಆನ್‌ಸೈಟ್ ಸಿಕ್ತು’, ‘ಓನರ್ ಬೇಡ ಅಂದ್ರು’, ‘ಸೋಫಾ ಹರಿದು ಹಾಕ್ತು’, ‘ನಮಗೆ ಇಷ್ಟು ಓಡಾಡೋ ನಾಯಿ ಸೆಟ್ ಆಗಲ್ಲ’. ಕಾರಣಗಳು ಇಷ್ಟೇ. ಕಂದು ಬಣ್ಣದ ಒಂದು ಹೆಣ್ಣು ನಾಯಿ ಎರಡು ಮನೆ ನೋಡಿ ಬಂತು. ಎರಡನೇ ಸಲ ಬಂದ ಮೇಲೆ ಗೇಟಿನ ಹೊರಗೆ ಯಾವ ಕಾರಿನ ಸದ್ದಾದ್ರೂ ಎದ್ದು ನಿಲ್ಲೋದು, ಇಳಿದವರನ್ನ ನೋಡಿ ಮತ್ತೆ ಹೋಗಿ ಮಲಗೋದು. ಅದರ ತಪ್ಪು ಏನಿತ್ತು ಹೇಳಿ?

ಅದಕ್ಕೇ ‘ಯಾವ ನಾಯಿ ತರೋದು?’ ಅಂತ ಯಾರಾದ್ರೂ ಕೇಳಿದ್ರೆ ನಾನು ವಾಪಸ್ ಕೇಳೋದು, ‘ನಿಮ್ಮ ಒಂದು ಮಂಗಳವಾರ ಹೇಗಿರುತ್ತೆ?’ ಅಂತ. ಭಾನುವಾರ ಎಲ್ಲರೂ ನಾಯಿಪ್ರಿಯರೇ! ನಮ್ಮ ಟೀಮ್‌ನ ಹುಡುಗನೊಬ್ಬ ಎರಡು ತಿಂಗಳ ಮರಿನೇ ಬೇಕು ಅಂತ ಕೂತಿದ್ದ. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ವಾರಕ್ಕೆ ಮೂರು ದಿನ ಆಫೀಸು. ಎರಡು ತಿಂಗಳ ಮರಿ ಹೆಚ್ಚು ಅಂದ್ರೆ ಮೂರು ಗಂಟೆ ಉಚ್ಚೆ ತಡ್ಕೊಳ್ಳುತ್ತೆ. ರಾತ್ರಿ ಎರಡು ಸಲ ಏಳಬೇಕು. ವ್ಯಾಕ್ಸಿನ್ ಸರಣಿ ಮುಗಿಯೋಕೆ ಸುಮಾರು 16 ವಾರ ತುಂಬಬೇಕು, ಅಲ್ಲಿವರೆಗೂ ಪಾರ್ವೋ ಭಯ, ಬೀದಿ ನಾಯಿಗಳು ಓಡಾಡೋ ಜಾಗದಲ್ಲಿ ಇಳಿಸೋ ಹಾಗಿಲ್ಲ. ನಾಲ್ಕನೇ ತಿಂಗಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ಚಪ್ಪಲಿ, ಚಾರ್ಜರ್ ಕೇಬಲ್ ಎಲ್ಲಾ ಅದರ ಬಾಯಿಗೇ. ಒಂಬತ್ತೂವರೆಯ ಸ್ಟ್ಯಾಂಡಪ್ ಕಾಲ್‌ನಲ್ಲಿ ಕೂತು ಇದೆಲ್ಲ ಸಂಭಾಳಿಸೋಕೆ ಆಗುತ್ತಾ?

ಕೆಲಸಕ್ಕೆ ಹೋಗೋರಿಗೆ ಎರಡು ಮೂರು ವರ್ಷದ ನಾಯಿಯೇ ಸರಿ ಅನ್ನೋದು ನನ್ನ ಪಕ್ಕಾ ಅಭಿಪ್ರಾಯ. ಎಷ್ಟು ಎತ್ತರ ಬೆಳೆಯುತ್ತೆ ಅನ್ನೋ ಅನುಮಾನ ಇಲ್ಲ, ಸ್ವಭಾವ ಕಣ್ಣೆದುರೇ ಇರುತ್ತೆ. ಅದರಲ್ಲೂ ನಮ್ಮ ಇಂಡೀ ನಾಯಿ. ನಮ್ಮಮ್ಮ ಇವತ್ತಿಗೂ ‘ಬೀದಿನಾಯಿ’ ಅಂತಲೇ ಅನ್ನೋದು, ಇರಲಿ. ಗಿಡ್ಡ ಕೂದಲು, ನಮ್ಮ ಬಿಸಿಲಿಗೆ ಹೊಂದಿಕೊಂಡ ಮೈ. (ಹಿಮದಲ್ಲಿ ಬಂಡಿ ಎಳೆಯೋ ಹಸ್ಕಿಯನ್ನ ಏಳನೇ ಮಹಡಿಯ ಬಾಲ್ಕನಿಯಲ್ಲಿ ಕಟ್ಟಿ ಹಾಕೋರನ್ನ ನೋಡಿದ್ರೆ ನನಗೆ ಸಿಟ್ಟು ಬರುತ್ತೆ.) ಅಂದ ಹಾಗೆ, ಕಿವಿಯ ತುದಿಯಲ್ಲಿ ಸ್ವಲ್ಪ ಕತ್ತರಿಸಿದ ಹಾಗೆ ಕಂಡ್ರೆ ಗಾಯ ಅಂದ್ಕೋಬೇಡಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಅನ್ನೋ ಗುರುತು ಅದು.

ಇನ್ನು ಶೆಲ್ಟರ್‌ಗೆ ಹೋದಾಗ. ಒಳಗೆ ಕಾಲಿಟ್ಟ ಕೂಡಲೇ ಐವತ್ತು ನಾಯಿ ಒಟ್ಟಿಗೆ ಬೊಗಳುತ್ವೆ. ಆ ಗಲಾಟೆಯಲ್ಲಿ ಕಂಬಿಗೆ ಹಾರಿ ಬರೋದೆಲ್ಲ ಒರಟು, ಮೂಲೆಯಲ್ಲಿ ಮುದುಡಿದ್ದೆಲ್ಲ ಸಾಧು ಅಂತ ತೀರ್ಮಾನ ಮಾಡಬೇಡಿ. ಮೂಲೆ ಹಿಡಿದಿದ್ದು ಹೆದರಿಕೆಗೆ ಇರಬಹುದು. ಹೆದರಿದ ನಾಯಿಗೆ ದಿನವಿಡೀ ಖಾಲಿ ಇರೋ ಮನೆ ಕಷ್ಟ. ಹಾರಾಡೋದು ಹತ್ತು ನಿಮಿಷ ಹೊರಗೆ ನಡೆಸಿದ್ರೆ ತಣ್ಣಗಾಗಬಹುದು. ಆದ್ದರಿಂದ ಹೊರಗೆ ಕರ್ಕೊಂಡು ಬರೋಕೆ ಕೇಳಿ. ಮೇಲೆ ಬಗ್ಗಿ ತಲೆ ಸವರೋದು ಬೇಡ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತ್ಕೊಳ್ಳಿ, ಅದೇ ಬಂದು ಮೂಸಲಿ. ಸುಮ್ಮನೆ ಎದ್ದು ಎರಡು ಹೆಜ್ಜೆ ಹೋದ್ರೆ ಹಿಂದೆ ಬರುತ್ತಾ ನೋಡಿ.

ಇದಕ್ಕಿಂತ ಮುಖ್ಯ, ದಿನಾ ಊಟ ಹಾಕೋ ಅಣ್ಣನನ್ನೋ ಅಕ್ಕನನ್ನೋ ಮಾತಾಡಿಸಿ. ತಟ್ಟೆ ಹತ್ತಿರ ಕೈ ಇಟ್ರೆ ಗುರ್ ಅನ್ನುತ್ತಾ? ಮಕ್ಕಳು ಬಂದಾಗ ಹೇಗಿರುತ್ತೆ? ಒಂಟಿಯಾಗಿ ಬಿಟ್ರೆ ಊಳಿಡುತ್ತಾ? ಟಿಕ್ ಜ್ವರ ಬಂದಿತ್ತಾ? ವೆಬ್‌ಸೈಟಿನ ‘ಫ್ರೆಂಡ್ಲಿ, ಪ್ಲೇಫುಲ್’ ಅನ್ನೋ ಎರಡು ಪದದಲ್ಲಿ ಸಿಗದೇ ಇರೋದು ಅವರ ಹತ್ತಿರ ಸಿಗುತ್ತೆ. ಬೇರೆ ದಿನ, ಬೇರೆ ಹೊತ್ತಲ್ಲಿ ಇನ್ನೊಂದು ಸಲ ಹೋಗಿ. ಮನೆಯಲ್ಲಿ ಇರೋರೆಲ್ಲ ಹೋಗಿ, ನಾಯಿ ಅಂದ್ರೆ ಮಾರು ದೂರ ಓಡೋ ಅತ್ತೆಯೂ ಸೇರಿ. ಅವರು ಬೇಡ ಅಂದ್ರೆ ಆ ಬೇಡವನ್ನ ಅಲ್ಲೇ ಕೇಳಿಸ್ಕೊಳ್ಳೋದು ವಾಸಿ.

ಶೆಲ್ಟರ್‌ನವರು ಮನೆ ನೋಡೋಕೆ ಬರ್ತಾರೆ, ಫಾರ್ಮ್ ತುಂಬಿಸ್ತಾರೆ. ‘ಬ್ಯಾಂಕ್ ಲೋನ್‌ಗೂ ಇಷ್ಟು ಕೇಳಲ್ಲ’ ಅಂತ ಗೊಣಗಬೇಡಿ. ಸಾಕುಪ್ರಾಣಿಗಳನ್ನು ಅಪಾರ್ಟ್‌ಮೆಂಟ್ ಅಸೋಸಿಯೇಷನ್ ನಿಷೇಧಿಸುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಇದೆ. ಆದ್ರೂ ಬಾಡಿಗೆ ಮನೆಯಾದ್ರೆ ಓನರ್ ಒಪ್ಪಿಗೆಯನ್ನ ವಾಟ್ಸಾಪ್‌ನಲ್ಲಾದ್ರೂ ಬರೆಸಿಕೊಳ್ಳಿ. ಗೌರಿ-ಗಣೇಶಕ್ಕೆ ಊರಿಗೆ ಹೋದ್ರೆ ನಾಯಿ ಎಲ್ಲಿರುತ್ತೆ ಅನ್ನೋದಕ್ಕೂ ಉತ್ತರ ಈಗಲೇ ಇರಲಿ. ಇನ್ನೂ ಡೌಟ್ ಇದ್ರೆ ತಿಂಗಳ ಮಟ್ಟಿಗೆ ಫಾಸ್ಟರ್ ಮಾಡ್ತೀವಿ ಅಂತ ಕೇಳಿ ನೋಡಿ.

ದೀಪಾವಳಿ ಹಿಂದೆಮುಂದೆ ಮಾತ್ರ ಹೊಸ ನಾಯಿ ತರಬೇಡಿ, ಪಟಾಕಿ ಸದ್ದಿಗೆ ತಪ್ಪಿಸಿಕೊಂಡು ಓಡಿದ್ರೆ ಅದಕ್ಕೆ ವಾಪಸ್ ಬರೋ ದಾರಿ ಗೊತ್ತಿರಲ್ಲ. ಮನೆಗೆ ಬಂದ ದಿನ ಸ್ನಾನ, ಫೋಟೋಶೂಟ್, ನೆಂಟರು ಯಾವುದೂ ಬೇಡ. ಅದು ಮಂಚದ ಕೆಳಗೆ ಸೇರ್ಕೊಂಡ್ರೆ ಎಳೀಬೇಡಿ. ರಾತ್ರಿ ಊಟ ಮುಟ್ಟದಿದ್ರೆ ಗಾಬರಿ ಆಗಬೇಡಿ, ತಟ್ಟೆ ಅಲ್ಲೇ ಬಿಟ್ಟು ಲೈಟ್ ಆರಿಸಿ ಮಲಗಿ. ಎಷ್ಟೋ ನಾಯಿಗಳು ಮನೆಯವರೆಲ್ಲ ಮಲಗಿದ ಮೇಲೆ ಮೆಲ್ಲಗೆ ಬಂದು ತಿಂತಾವೆ.