ಶೋಧಯಂತ್ರವನ್ನು ಪ್ರಶ್ನಿಸುವ ಬಗೆ

ಮಂಡ್ಯ ತಾಲ್ಲೂಕಿನ ಕೊತ್ತತ್ತಿಯ ವಿದ್ಯಾರ್ಥಿಯೊಬ್ಬನು ತನ್ನ ಸೀಮೆಯ ನೀರಾವರಿಯ ಹಿಂದಿನ ಸಂಗತಿಗಳನ್ನು ತಿಳಿಯಬಯಸಿ, ಗಣಕದ ಶೋಧಯಂತ್ರದಲ್ಲಿ ‘ಕೊತ್ತತ್ತಿ ನೀರು’ ಎಂದು ಬರೆದು ನೋಡುವನೆಂದು ಭಾವಿಸೋಣ. ಏನೂ ದೊರೆಯದಿದ್ದರೆ, ತನ್ನ ಊರಿನ ವಿಷಯವಾಗಿ ಯಾರೂ ಏನನ್ನೂ ಬರೆದಿಲ್ಲವೆಂದು ಅವನು ತೀರ್ಮಾನಿಸುವುದು ಸಹಜವೇ. ಆದರೆ ಮಾಪಕದ ಮುಳ್ಳು ಅಲುಗಲಿಲ್ಲವೆಂದ ಮಾತ್ರಕ್ಕೆ ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ಭೌತವಿಜ್ಞಾನಿಯು ಹೇಳುವುದಿಲ್ಲ. ಆ ಮಾಪಕವು ಏನನ್ನು ಅಳೆಯಬಲ್ಲುದೆಂಬುದನ್ನು ಮೊದಲು ವಿಚಾರಿಸುತ್ತಾನೆ. ಶೋಧಯಂತ್ರವೂ ಒಂದು ಉಪಕರಣವೇ.

ಪ್ರಶ್ನೆ ಬಂದಮೇಲೆ ಈ ಯಂತ್ರವು ಪುಟಗಳನ್ನೆಲ್ಲ ಓದತೊಡಗುವುದಿಲ್ಲ. ಗ್ರಂಥದ ಕೊನೆಯಲ್ಲಿರುವ ಪದಸೂಚಿಯಂತೆ, ಯಾವ ಪದವು ಯಾವ ಪುಟದಲ್ಲಿದೆಯೆಂಬ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಂಡಿರುತ್ತದೆ. ಸರಳವಾದ ಯಂತ್ರವು ಅಕ್ಷರಗಳ ಸಾಲನ್ನು ಮಾತ್ರ ಬಲ್ಲುದು, ಅರ್ಥವನ್ನು ಅರಿಯದು. ಕನ್ನಡದಲ್ಲಿ ವಿಭಕ್ತಿಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಬರುವುದರಿಂದ ‘ನೀರು’, ‘ನೀರಿನ’, ‘ನೀರಿಗೆ’ ಎಂಬವು ಅದಕ್ಕೆ ಮೂರು ಬೇರೆ ಪದಗಳು.

ಪದದ ಮೊದಲ ಭಾಗವನ್ನಷ್ಟೇ ಕೊಟ್ಟು ಮುಂದೆ ನಕ್ಷತ್ರಚಿಹ್ನೆಯನ್ನಿಡುವ ಸೌಕರ್ಯವು ಹಲವು ಯಂತ್ರಗಳಲ್ಲಿದೆ. ‘ನೀರು*’ ಎಂದರೆ ‘ನೀರಿನ’ ಎಂಬುದು ಸಿಗದು. ಅಲ್ಲಿ ಉಕಾರವು ಲೋಪವಾಗಿದೆಯಷ್ಟೆ. ‘ನೀರ*’ ಎಂದರೆ ‘ನೀರಿನ’, ‘ನೀರಾವರಿ’ ಎಲ್ಲವೂ ಬರುತ್ತವೆ; ಜೊತೆಗೆ ‘ನೀರವ’, ‘ನೀರಸ’ಗಳೂ ಬರುತ್ತವೆ. ಬಲೆಯ ಕಣ್ಣು ಕಿರಿದಾದರೆ ಮೀನಿನೊಡನೆ ಕಸವೂ ಸಿಕ್ಕುವುದುಂಟು. ಕಸವನ್ನು ಕಳೆಯಲು ಜಾರ್ಜ್ ಬೂಲ್ ಎಂಬ ಗಣಿತಜ್ಞನ ತರ್ಕವು ನೆರವಾಗುತ್ತದೆ. 1854ರಲ್ಲಿ ಅವನು ಗ್ರಂಥರೂಪದಲ್ಲಿ ವಿವರಿಸಿದ ಬೀಜಗಣಿತದ ಫಲವಾಗಿಯೇ ‘ಮತ್ತು’, ‘ಅಥವಾ’, ‘ಅಲ್ಲ’ಗಳಿಂದ ನಾವು ಪ್ರಶ್ನೆಗಳನ್ನು ಹೆಣೆಯಬಲ್ಲೆವು. ‘ನೀರ* ಮತ್ತು ನಾಲೆ*’ ಎಂದರೆ ನೀರಸವು ಬಹುಮಟ್ಟಿಗೆ ಹೊರಗುಳಿಯುತ್ತದೆ.

ವ್ಯಾಕರಣವೊಂದೇ ಸಾಲದು, ಚರಿತ್ರೆಯೂ ಬೇಕು. ಕೃಷ್ಣರಾಜಸಾಗರದಿಂದ ಹರಿಯುವ ವಿಶ್ವೇಶ್ವರಯ್ಯ ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ. ಮಂಡ್ಯ ಜಿಲ್ಲೆಯು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟುದು 1939ರಲ್ಲಿ. ಆದುದರಿಂದ 1894ರ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಮಂಡ್ಯ ತಾಲ್ಲೂಕಿನ ಶಾಸನಗಳು ಮೈಸೂರು ಜಿಲ್ಲೆಯ ಸಂಪುಟದಲ್ಲಿವೆ. ಹುಡುಕುವವನ ಮಾತಿನಲ್ಲಲ್ಲ, ಬರೆದವನ ಮಾತಿನಲ್ಲಿ ಪ್ರಶ್ನೆ ಕೇಳಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂದಿನ ದೊಡ್ಡ ಯಂತ್ರಗಳು ಪ್ರತ್ಯಯಗಳನ್ನು ತಾವೇ ಬಿಡಿಸಿ, ಅರ್ಥವನ್ನೂ ಊಹಿಸುತ್ತವೆಯಲ್ಲ, ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಊಹಿಸುತ್ತವೆ, ನಿಜ. ಆದರೆ ಊಹೆ ತಪ್ಪಿದುದನ್ನು ಗುರುತಿಸಬೇಕಾದವರು ನಾವೇ. ಹೆಚ್ಚು ಜನ ಬರೆದ, ಹೆಚ್ಚು ಜನ ಕೇಳಿದ ವಿಷಯಗಳ ಕಡೆಗೆ ಅಂತಹ ಊಹೆ ಸುಲಭವಾಗಿ ವಾಲುತ್ತದೆ. ಚಿಕ್ಕ ಊರಿನ ಸಂಗತಿಯು ಮರೆಯಾಗುವುದು ಅಲ್ಲಿಯೇ.

ವರ್ನಿಯರ್ ಕ್ಯಾಲಿಪರ್ಸಿನಿಂದ ಅಳೆಯುವುದನ್ನು ಅಭ್ಯಾಸ ಮಾಡಿಸುವಂತೆ, ಪ್ರಶ್ನೆ ಬರೆಯುವುದನ್ನೂ ನಮ್ಮ ಕಾಲೇಜುಗಳಲ್ಲಿ ಅಭ್ಯಾಸ ಮಾಡಿಸಬೇಕೆಂಬುದು ನಮ್ಮ ಅಭಿಪ್ರಾಯ. ಒಂದೇ ವಿಷಯಕ್ಕೆ ಮೂರು ಬಗೆಯ ಪ್ರಶ್ನೆಗಳು, ಒಂದೊಂದಕ್ಕೂ ದೊರೆತ ಫಲ, ಬಿಟ್ಟುಹೋದುದಕ್ಕೆ ಕಾರಣ: ಇಷ್ಟನ್ನು ಪ್ರಯೋಗಪುಸ್ತಕದಲ್ಲಿ ದಾಖಲಿಸಿದರೆ ಸಾಕು. ‘ದೊರೆಯಲಿಲ್ಲ’ ಎಂದು ಬರೆಯುವ ವಿದ್ಯಾರ್ಥಿಯು, ತಾನು ಏನೆಂದು ಕೇಳಿದೆನೆಂಬುದನ್ನೂ ಅದರ ಪಕ್ಕದಲ್ಲಿಯೇ ಬರೆಯಲಿ.